ಬಿಜಲಿಯ ಕುಬಸ

ಮದುವೆಗೆ ಹೋದಾಗ ಒಬ್ಬೊಬ್ಬರು ಒಂದೊಂದು ನೋಡುತ್ತಾರೆ. ಹೆಂಗಸರು ಸೀರೆಯ ಅಂಚು ನೋಡುತ್ತಾರೆ, ಹುಡುಗರು ಡಿ.ಜೆ. ಪೆಟ್ಟಿಗೆಯ ಗಾತ್ರ ನೋಡುತ್ತಾರೆ, ನನ್ನ ವಯಸ್ಸಿನವರು ಊಟದ ಪಂಗ್ತಿ ಎಲ್ಲಿಗೆ ಬಂತೆಂದು ನೋಡುತ್ತಾರೆ. ನಾನು ಮಾತ್ರ ಮದುಮಗನನ್ನು ಹೊತ್ತು ಬಂದ ಕುದುರೆಯ ಹಿಂದಕ್ಕೆ ಹೋಗಿ, ಅದು ಹಾಕಿದ ಲದ್ದಿ ನೋಡುತ್ತೇನೆ.

ಮೊನ್ನೆ ಸೇಡಂನಲ್ಲಿ ಒಂದು ಮದುವೆ. ಮೆರವಣಿಗೆ ಮಂಟಪದ ಬಾಗಿಲಿಗೆ ಬಂದು ನಿಂತಿತ್ತು. ನಾನು ಒಂದು ಕಡ್ಡಿ ತೆಗೆದುಕೊಂಡು, ಬಗ್ಗಿ, ಲದ್ದಿಯ ಉಂಡೆಯೊಂದನ್ನು ಬಿಡಿಸುತ್ತಿದ್ದೆ. ಹುಡುಗಿಯ ಸೋದರಮಾವ ಓಡಿ ಬಂದರು. ಉಂಗುರ ಕಳೆದುಕೊಂಡಿರೇನು ಎಂದು ಕೇಳಿದರು. ನಾನು ಇಲ್ಲ ಎನ್ನುವುದರೊಳಗೆ ಇನ್ನಿಬ್ಬರು ಬಂದು ನನ್ನ ಜೊತೆ ಬಗ್ಗಿದರು. ರೇಷ್ಮೆ ಅಂಗಿ ತೊಟ್ಟ ಮೂರು ಮಂದಿ ಗೌರವಸ್ಥರು ಲದ್ದಿಯ ಸುತ್ತ ಕುಕ್ಕರುಗಾಲಲ್ಲಿ ಕುಳಿತಿದ್ದನ್ನು ಫೋಟೊದವನು ಹೊಡೆದುಕೊಂಡ. ಆ ಮದುವೆಯ ಆಲ್ಬಮ್ಮಿನಲ್ಲಿ ಅಕ್ಷತೆ ಹಾಕುವ ಫೋಟೊದಲ್ಲಿ ನಾನಿಲ್ಲ. ಇದರಲ್ಲಿ ಚೆನ್ನಾಗಿ ಬಂದಿದ್ದೇನೆ.

ನಗಬೇಡಿ. ನೀವು ಕುದುರೆ ಸಾಕಿದವರಲ್ಲ ಎಂದು ನನಗೆ ಗೊತ್ತು, ಆದರೂ ಕೇಳಿಸಿಕೊಳ್ಳಿ, ಯಾವಾಗಲಾದರೂ ಉಪಯೋಗಕ್ಕೆ ಬರುತ್ತದೆ. ಒಳ್ಳೆಯ ಲದ್ದಿ ಉಂಡೆ ಉಂಡೆಯಾಗಿರಬೇಕು, ನೆಲಕ್ಕೆ ಬಿದ್ದಾಗ ಒಡೆಯಬೇಕು, ಆದರೆ ಚದುರಬಾರದು. ತಿಂದ ಕಾಳು ಇಡಿಯಾಗಿ ಹೊರಗೆ ಬಂದಿರಬಾರದು. ಹುಳಿ ವಾಸನೆ ಇರಬಾರದು. ಕುದುರೆ ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಸುಳಿ ನೋಡುತ್ತಾರೆ. ಅವೆಲ್ಲ ಮಾರುವವನು ಮೊದಲೇ ತೊಳೆದು ತೋರಿಸುವಂಥವು. ಲದ್ದಿಯನ್ನು ಯಾರೂ ಸಿಂಗಾರ ಮಾಡಿ ತೋರಿಸುವುದಿಲ್ಲ. ಅದಕ್ಕೇ ಅದನ್ನು ನಂಬಬಹುದು.

ಈ ಜ್ಞಾನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಹಾಗೆ ನೋಡಿದರೆ ಬರಬೇಕಿತ್ತು. ನಮ್ಮಪ್ಪ ವಾಡಿ ಜಂಕ್ಷನ್ನಿನ ಹೊರಗೆ ಟಾಂಗಾ ಹೊಡೆಯುತ್ತಿದ್ದ. ರೈಲು ಬಂತೆಂದರೆ ಸಾಕು, ಅಪ್ಪನಿಗಿಂತ ಮೊದಲು ಕುದುರೆಯೇ ಕಿವಿ ನಿಮಿರಿಸಿ ನಿಲ್ಲುತ್ತಿತ್ತು. ನಮ್ಮ ಮನೆಯಲ್ಲಿ ಜಂತುಹುಳಕ್ಕೆ ಔಷಧಿ ಎಂದರೆ ಔಡಲೆಣ್ಣೆ. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮೊದಲು ಅಣ್ಣ, ಆಮೇಲೆ ನಾನು, ಆಮೇಲೆ ತಂಗಿ, ಕೊನೆಗೆ ಕುದುರೆ. ಅವ್ವ ನಮ್ಮ ಮೂಗು ಹಿಡಿದು ಸುರಿಯುತ್ತಿದ್ದಳು. ಅಪ್ಪ ಕುದುರೆಯ ತಲೆ ಎತ್ತಿಸಿ, ಬಿದಿರಿನ ಗೊಟ್ಟದಲ್ಲಿ ಸುರಿಯುತ್ತಿದ್ದ. ನಮಗೆ ಆಮೇಲೆ ಒಂದು ತುಣುಕು ಬೆಲ್ಲ. ಕುದುರೆಗೂ ಒಂದು ತುಣುಕು, ನಮ್ಮದಕ್ಕಿಂತ ದೊಡ್ಡದು. ಈ ಅನ್ಯಾಯದ ಬಗ್ಗೆ ನಾನು ಅಪ್ಪನನ್ನು ಕೇಳಿದ್ದೆ. "ನೀ ಟಾಂಗಾ ಎಳೀತಿ ಏನು?" ಎಂದಿದ್ದ. ವ್ಯವಹಾರದಲ್ಲಿ ನನಗೆ ಸಿಕ್ಕ ಮೊದಲ ಪಾಠ ಅದೇ.

ಆಮೇಲೆ ಆಟೋ ಬಂದವು, ಟಾಂಗಾ ಹೋಯಿತು. ನಾನು ವಾಡಿಯ ಕ್ವಾರ್ಟರ್ಸುಗಳ ಮುಂದೆ ತರಕಾರಿ ಮಾರಿದೆ, ಆಡು ಮಾರಿದೆ, ಶಹಾಬಾದಿಗೆ ಬಂದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ದಲಾಲಿ ಮಾಡಿದೆ. ಕೈ ಒಂದಿಷ್ಟು ಹಸನಾದ ಮೇಲೆ ಮತ್ತೆ ಕುದುರೆಯ ಕಡೆ ಮನಸ್ಸು ಹರಿಯಿತು. ಈಗ ಟಾಂಗಾಕ್ಕೆ ಕುದುರೆ ಬೇಡ, ಮದುವೆಗೆ ಬೇಕು. ಬಿಳಿ ಕುದುರೆಯಾದರೆ ಇನ್ನೂ ಬೇಕು. ಹೀಗೆ ನಾನು ಬಿಜಲಿಯನ್ನು ಕೊಂಡದ್ದು.

ಚಿಂಚೋಳಿಯ ಹತ್ತಿರ ಚಂದಾಪುರದಲ್ಲಿ ನರ್ಸಪ್ಪ ಎನ್ನುವವರ ಹತ್ತಿರ ಒಂದು ಬಿಳಿ ಹೆಣ್ಣು ಕುದುರೆ ಇದೆಯೆಂದು ಕೇಳಿ ಹೋದೆ. ನರ್ಸಪ್ಪ ಹಿರಿಯ ಮನುಷ್ಯ, ಮಾತು ನಿಧಾನ, ಒಂದು ವಾಕ್ಯದ ನಡುವೆ ಎರಡು ಸಲ ಎಲೆ ಅಡಿಕೆ ಹಾಕಿಕೊಳ್ಳುವಂಥವರು. ಕುದುರೆ ಬೇವಿನ ಗಿಡದ ಕೆಳಗೆ ನಿಂತಿತ್ತು. ಕಣ್ಣು ದೊಡ್ಡವು, ಕಾಲು ನೆಟ್ಟಗಿದ್ದವು, ಕೂದಲು ಸ್ವಲ್ಪ ಮಂಕು. ಆದರೆ ನನ್ನ ಕಣ್ಣು ಹೋಗಿ ನಿಂತದ್ದು ಹೊಟ್ಟೆಯ ಮೇಲೆ. ಎರಡೂ ಕಡೆ ಇಳಿಬಿದ್ದು, ತುಂಬಿದ ಕೊಡದಂತೆ ತೂಗುತ್ತಿತ್ತು. ಇದು ಗಬ್ಬದ ಕುದುರೆ, ಈ ಮುದುಕನಿಗೆ ಅದು ಗೊತ್ತೇ ಇಲ್ಲ ಅಂದುಕೊಂಡೆ. ಒಂದರ ಬೆಲೆಗೆ ಎರಡು.

ಇಂಥ ಹೊತ್ತಿನಲ್ಲಿ ಮುಖ ಸಪ್ಪೆ ಮಾಡಿಕೊಳ್ಳಬೇಕು. ಇದು ನನ್ನ ಸಲಹೆ, ಬರೆದಿಟ್ಟುಕೊಳ್ಳಿ. ನಾನು ಮುಖ ಸಪ್ಪೆ ಮಾಡಿಕೊಂಡು, ಬಾಲ ಸಣ್ಣದಾಯಿತು, ಕಿವಿ ಉದ್ದವಾಯಿತು ಎಂದೆಲ್ಲ ದೂರು ಹೇಳಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರಕ್ಕೆ ಕುಳಿತೆ. ನಮ್ಮ ಕಡೆ ದನದ ವ್ಯಾಪಾರವೆಲ್ಲ ಹಾಗೆಯೇ, ಬಾಯಲ್ಲಿ ಬೆಲೆ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಅಮುಕಿ ಹೇಳುತ್ತಾರೆ. ಬೆರಳು ಕೂಡುವ ಹೊತ್ತಿಗೆ ನರ್ಸಪ್ಪ ಕೈ ಸಡಿಲ ಬಿಟ್ಟರು.

"ಸಾವಕಾರ್ರೆ, ಒಂದು ಮಾತು ಹೇಳ್ತೀನಿ. ಈ ಕುದುರೀದು ಹೊಟ್ಟಿ ಅದಲ್ಲಾ..."

ಅಯ್ಯೋ, ಮುದುಕನಿಗೆ ಈಗ ಹೊಳೆಯಿತು, ಬೆಲೆ ಏರಿಸುತ್ತಾನೆ ಎಂದು ನನಗೆ ಗಾಬರಿ.

"ಹೊಟ್ಟಿ ಎಲ್ಲಾರಿಗೂ ಅದ ಕಾಕಾ," ಎಂದೆ. "ನಿಮಗೂ ಅದ, ನನಗೂ ಅದ. ಬೆರಳು ಹಿಡೀರಿ."

ಅವರು ಮತ್ತೊಮ್ಮೆ ಬಾಯಿ ತೆರೆದರು. ನಾನು ಬಾಯಿಗೆ ಎಲೆ ಅಡಿಕೆ ಕೊಟ್ಟೆ. ವ್ಯಾಪಾರ ಮುಗಿಯಿತು. ಬಾಡಿಗೆ ಗಾಡಿಯಲ್ಲಿ ಕುದುರೆ ಏರಿಸಿಕೊಂಡು ಸೇಡಂ, ಚಿತ್ತಾಪುರ, ವಾಡಿ ದಾಟಿ ಮನೆಗೆ ಬರುವವರೆಗೂ ನಾನು ಒಬ್ಬನೇ ನಕ್ಕೆ. ಡ್ರೈವರ್ ಎರಡು ಸಲ ನನ್ನ ಕಡೆ ನೋಡಿದ.

ಮನೆಯಲ್ಲಿ ನನ್ನ ಹೆಂಡತಿ ಶರಣಮ್ಮ ಕುದುರೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳಿಗೆ ನನ್ನ ವ್ಯಾಪಾರಗಳ ಮೇಲೆ ಅಷ್ಟಕ್ಕಷ್ಟೇ. ಮನೆಗೆ ಬಂದ ಆಡು, ಕೋಳಿ, ಕಲ್ಲು ಯಾವುದೂ ಅವಳನ್ನು ಕೇಳಿ ಬಂದದ್ದಲ್ಲ, ಅವಳನ್ನು ಕೇಳಿ ಹೋದದ್ದೂ ಅಲ್ಲ. ಅವಳ ಬಾಯಿ ಮುಚ್ಚಿಸಲು ನಾನು ದೊಡ್ಡ ಮನಸ್ಸು ಮಾಡಿದೆ. "ಇದರ ಹೊಟ್ಟ್ಯಾಗಿನ ಮರಿ ನಿನ್ನದು. ಸಾಕು, ಮಾರು, ನಾ ಕೇಳಂಗಿಲ್ಲ," ಎಂದೆ. ಪುಕ್ಕಟೆ ಬಂದದ್ದನ್ನು ಕೊಡುವಾಗ ಮನಸ್ಸು ಎಷ್ಟು ವಿಶಾಲವಾಗುತ್ತದೆ ಎಂಬುದು ನಿಮಗೂ ಗೊತ್ತಿರಬಹುದು. ಆದರೆ ಶರಣಮ್ಮ ಅದನ್ನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಮಾರನೆಯ ದಿನವೇ ಮರಿಗೆ ಕಟ್ಟಲು ಕೆಂಪು ಉಣ್ಣೆಯ ಹಗ್ಗ ಹೆಣೆಯಲು ಕುಳಿತಳು. ಬಿಜಲಿಗೆ ನೀರು ಕುಡಿಸುವಾಗ ಹೊಟ್ಟೆಯ ಮೇಲೆ ಕೈ ಇಟ್ಟು ನಿಲ್ಲುವಳು. ಏನೋ ಸರಿದಾಡಿತೆಂದು ಹೇಳುವಳು. ಸರಿದಾಡುತ್ತಿದ್ದುದು ನಿಜವೇ ಇರಬೇಕು.

ಮುಂದೆ ಬಿಜಲಿ ಮಾಡಿದ್ದೆಲ್ಲವೂ ನಮಗೆ ಬಸುರಿನ ಲಕ್ಷಣವಾಗಿಯೇ ಕಂಡಿತು. ಹೆಸರು ಬಿಜಲಿ, ನಡೆಯುವುದು ಮಾತ್ರ ಕೆಟ್ಟ ಟ್ಯೂಬ್‌ಲೈಟಿನಂತೆ. ಎರಡು ಜೀವ, ಪಾಪ, ದಣಿವು ಎಂದೆವು. ಬಾಲದ ಬುಡವನ್ನು ಬಾಗಿಲ ಚೌಕಟ್ಟಿಗೆ ತಿಕ್ಕಿ ತಿಕ್ಕಿ ಕಟ್ಟಿಗೆಗೆ ಪಾಲಿಶ್ ಬಂತು. ಮೈಯುರಿ ಎಂದೆವು. ಮೇವು ಬಿಟ್ಟು ಗೋಡೆಯ ಮಣ್ಣು ನೆಕ್ಕಲು ಶುರು ಮಾಡಿದಾಗಲಂತೂ ಪಕ್ಕದ ಮನೆಯ ಮಾಲನಬಿ ಕೈ ತಟ್ಟಿ ನಕ್ಕಳು.

"ಭಾಭಿ, ಇದಕ್ಕ ಬಯಕಿ ಹತ್ತ್ಯಾವ. ನನಗೂ ನಮ್ಮ ದೊಡ್ಡಾಕಿ ಹೊಟ್ಟ್ಯಾಗ ಇದ್ದಾಗ ಹಿಂಗೇ ಮಣ್ಣು ಬೇಕಾಗ್ತಿತ್ತು."

ಅಲ್ಲಿಂದ ಮಾತು ಕುಬಸಕ್ಕೆ, ಅಂದರೆ ಸೀಮಂತಕ್ಕೆ ಹೋಯಿತು. ಚೊಚ್ಚಲ ಬಸುರಿಗೆ ಉಡಿ ತುಂಬಿ ಕುಬಸ ಮಾಡದೆ ಬಿಡುವುದು ನಮ್ಮ ಓಣಿಯಲ್ಲಿ ನಡೆಯುವ ಮಾತಲ್ಲ, ಅವಳಿಗೆ ಕಾಲು ಎರಡಿರಲಿ, ನಾಲ್ಕಿರಲಿ. ಒಂದು ಶುಕ್ರವಾರ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ನಮ್ಮ ಹಿತ್ತಲಲ್ಲಿ ಸೇರಿದರು. ಬಿಜಲಿಯ ಕೊರಳಿಗೆ ಹಸಿರು ಖಣ ಕಟ್ಟಿದರು. ಹಸಿರು ಬಳೆ ತೊಡಿಸಲು ಕೈ ಇಲ್ಲವಾದ್ದರಿಂದ ದಾರದಲ್ಲಿ ಪೋಣಿಸಿ ಹಾರ ಮಾಡಿದರು. ಹಾಡು ಹೇಳಿ, ಆರತಿ ಎತ್ತಿ, ಹೋಳಿಗೆ ತಿನ್ನಿಸಿದರು. ನೆನೆಸಿದ ಕಡಲೆಬೇಳೆಯೂ ಬಂತು. ನಾನು ಗೋಡೆಗೆ ಒರಗಿ, ತವರಿನವರ ಪರವಾಗಿ ನಿಂತ ಅಪ್ಪನಂತೆ ಮೀಸೆ ತಿರುವಿದೆ.

ಬಿಜಲಿ ಮಾತ್ರ ಯಾರ ಹಾಡಿಗೂ ತಲೆ ಎತ್ತಲಿಲ್ಲ.

ತಿಂಗಳುಗಳು ಹೋದವು. ಹೊಟ್ಟೆ ಅಷ್ಟೇ ಇತ್ತು, ಆದರೆ ಅದರ ಮೇಲೆ ಪಕ್ಕೆಲುಬು ಒಂದೊಂದಾಗಿ ಕಾಣತೊಡಗಿದವು. ಡಾಕ್ಟರರನ್ನು ಕರೆಸೋಣ ಎಂದು ಶರಣಮ್ಮ ಹೇಳಿದಳು. ಕುದುರೆಯ ಹೆರಿಗೆಗೆ ಡಾಕ್ಟರ್ ಯಾಕೆ, ಅಪ್ಪನ ಕಾಲದಲ್ಲಿ ಯಾರು ಕರೆಸುತ್ತಿದ್ದರು ಎಂದು ನಾನು ತಳ್ಳಿಹಾಕಿದೆ. ಒಂದು ಬೆಳಿಗ್ಗೆ ಬಿಜಲಿ ಮೇವಿಗೆ ಏಳಲಿಲ್ಲ. ಕೆಳಗೆ ಮಲಗಿ, ಕತ್ತು ಚಾಚಿ, ಗೋಡೆ ನೋಡುತ್ತಿತ್ತು. ಶರಣಮ್ಮ ನನ್ನ ಫೋನು ತೆಗೆದು ನನ್ನ ಕೈಗಿಟ್ಟಳು.

ಚಿತ್ತಾಪುರದಿಂದ ದನದ ಡಾಕ್ಟರರು ಬಂದರು. ಎಳೆಯ ವಯಸ್ಸು, ಮೋಟಾರುಸೈಕಲ್ಲು, ಬೆನ್ನಿಗೆ ಚೀಲ. ಹೇಗೋ ಬಿಜಲಿಯನ್ನು ಎಬ್ಬಿಸಿ ನಿಲ್ಲಿಸಿದೆವು. ಅವರು ಭುಜದವರೆಗೆ ಕೈಗವಸು ಏರಿಸಿ ಒಳಗೆ ಕೈ ಹಾಕಿ ನೋಡಿದರು. ಆಮೇಲೆ ಕೊರಳಲ್ಲಿದ್ದ ಮಾಸಿದ ಹಸಿರು ಖಣ ನೋಡಿ, ಇದೇನೆಂದು ಕೇಳಿದರು. ಕುಬಸದ್ದು ಎಂದೆ.

"ಗಬ್ಬ ಅದ ಅಂತ ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ರಿ. ನಾನೇ ಕಂಡುಹಿಡಿದೆ."

"ಇದರ ಹೊಟ್ಟ್ಯಾಗ ಮರಿ ಇಲ್ರಿ. ಜಂತು ಅದಾವ. ನೀವು ಕುಬಸ ಮಾಡಿದ್ದು ಹುಳಕ್ಕ."

ಮಾಲನಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಶರಣಮ್ಮ ಮಾತ್ರ ನಗಲಿಲ್ಲ. ಕುದುರೆ ಉಳಿಯುತ್ತದೆಯೇ ಎಂದು ಕೇಳಿದಳು. ಆಗ ನನಗೂ ನಗು ಇಂಗಿತು.

ಡಾಕ್ಟರರು ಹಿತ್ತಲೆಲ್ಲ ಅಡ್ಡಾಡಿದರು. ಇಲ್ಲಿ ನನ್ನ ಜಾಣತನದ ಇನ್ನೊಂದು ಕತೆ ಹೇಳಬೇಕು. ನಾನು ಯಾವುದನ್ನೂ ಹಾಳು ಮಾಡುವವನಲ್ಲ. ಬಿಜಲಿಯ ಲದ್ದಿಯನ್ನೆಲ್ಲ ಹಿತ್ತಲ ಮೂಲೆಗೆ ಹರಡುತ್ತಿದ್ದೆ. ಅಲ್ಲಿ ನೀರು ಬಿಟ್ಟು ಹುಲ್ಲು ಬೆಳೆಸಿದ್ದೆ. ಹುಲ್ಲು ಹುಲುಸಾಗಿ ಬಂದಿತ್ತು. ಅದನ್ನೇ ಕೊಯ್ದು ಬಿಜಲಿಯ ಮುಂದೆ ನೆಲಕ್ಕೆ ಹಾಕುತ್ತಿದ್ದೆ. ಖರ್ಚಿಲ್ಲದ ಮೇವು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ, ಡಾಕ್ಟರರಿಗೂ ಹೆಮ್ಮೆಯಿಂದ ತೋರಿಸಿದೆ. ಲದ್ದಿಯಲ್ಲಿ ಹುಳದ ತತ್ತಿ ಹೊರಗೆ ಬರುತ್ತವೆ, ಒಡೆದು ಸಣ್ಣ ಮರಿಹುಳಗಳು ಹುಲ್ಲಿನ ಎಲೆ ಏರಿ ಕೂರುತ್ತವೆ, ಆ ಹುಲ್ಲು ತಿಂದರೆ ಮತ್ತೆ ಹೊಟ್ಟೆಗೆ ಎಂದು ಅವರು ಬಿಡಿಸಿ ಹೇಳಿದರು. "ನೀವು ವಾಡಿ ಜಂಕ್ಷನ್ನಿನವರು ಅಂತೀರಿ. ಹುಳಕ್ಕ ಹೋಗಿ ಬರೋ ಟಿಕೀಟು ಕೊಟ್ಟೀರಿ," ಎಂದರು.

ಔಷಧಿಯೇನೋ ಕೊಡಬಹುದಿತ್ತು, ಆದರೆ ಹೆದರಿಕೆ ಬೇರೆ ಇತ್ತು. ಬಿಜಲಿ ಬಹಳ ಸೊರಗಿತ್ತು. ಅಷ್ಟು ಹುಳ ಒಟ್ಟಿಗೆ ಸತ್ತರೆ ಕರುಳು ಬಾತು, ಹೊಟ್ಟೆಶೂಲೆ ಎದ್ದು, ಕುದುರೆಯೇ ಹೋಗಬಹುದು ಎಂದರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ನಿಮಗೆ ಗೊತ್ತೇ? ಹೊಟ್ಟೆಯಲ್ಲಿ ತೊಂದರೆ ಆದರೆ ಒಂದೇ ದಾರಿ, ಹಿಂದಿನದು. ಎದೆಯ ಸುತ್ತ ಟೇಪು ಹಿಡಿದು ತೂಕದ ಅಂದಾಜು ಮಾಡಿದರು. ಲದ್ದಿಯನ್ನು ಡಬ್ಬಿಯಲ್ಲಿ ಒಯ್ದು ದವಾಖಾನೆಯಲ್ಲಿ ನೋಡಿದರು. ಮೊದಲು ಕುದುರೆಗೆ ಬಲ ಬರಲು ಕೆಲವು ದಿನ ಮದ್ದು, ಮೇವು. ಆಮೇಲೆ ಒಂದು ಬೆಳಿಗ್ಗೆ ಬಂದು, ತೂಕಕ್ಕೆ ತಕ್ಕ ಜಂತಿನ ಔಷಧಿಯನ್ನು ನಾಲಗೆಯ ಬುಡಕ್ಕೆ ಪಿಚಕಾರಿಯಿಂದ ಒತ್ತಿದರು. ಲದ್ದಿ ನೋಡುತ್ತಿರಿ, ಲದ್ದಿ ನಿಂತರೆ ಕೂಡಲೇ ಫೋನ್ ಮಾಡಿ ಎಂದು ಹೇಳಿ ಹೋದರು.

ಮರುದಿನ ಲದ್ದಿ ನಿಂತಿತು.

ಬಿಜಲಿ ಮುಂಗಾಲಿನಿಂದ ನೆಲ ಕೆರೆಯಿತು, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಂಡಿತು, ಬೆವರಿತು. ಡಾಕ್ಟರರು ಮತ್ತೆ ಓಡಿ ಬಂದು ಸೂಜಿ ಚುಚ್ಚಿದರು, ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಬಿಟ್ಟರು. ಇನ್ನು ಮಲಗಿ ಹೊರಳದ ಹಾಗೆ ನೋಡಿಕೊಳ್ಳಿ, ಮೆಲ್ಲಗೆ ಅಡ್ಡಾಡಿಸಿ ಎಂದರು. ಬಿಸಿಲಲ್ಲಿ ನಾನು ಹಗ್ಗ ಹಿಡಿದು ಅಡ್ಡಾಡಿಸಿದೆ. ನಾನು ದಣಿದರೆ ಶರಣಮ್ಮ ಹಿಡಿದಳು. ಕುಬಸಕ್ಕೆ ಬಂದಿದ್ದ ಹೆಂಗಸರೇ ಈಗ ಹಿತ್ತಲ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು, ಹೆರಿಗೆ ಕೋಣೆಯ ಹೊರಗೆ ಕುಳಿತವರಂತೆ. ಎಲ್ಲರ ಕಣ್ಣೂ ಬಿಜಲಿಯ ಬಾಲದ ಮೇಲೆ. ಬಾಲ ಸ್ವಲ್ಪ ಎತ್ತಿದರೆ ಎಲ್ಲರೂ ಎದ್ದು ನಿಲ್ಲುವರು. ಬರೀ ನೊಣ ಹೊಡೆಯಲು ಎಂದು ಗೊತ್ತಾಗಿ ಕೂರುವರು. ಬದುಕಿನಲ್ಲಿ ಎಷ್ಟೋ ವಸ್ತು ಬಯಸಿದ್ದೇನೆ. ಲದ್ದಿಯನ್ನು ಅಷ್ಟು ಆಸೆಯಿಂದ ಬಯಸುತ್ತೇನೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಹೊತ್ತು ಇಳಿಯುವ ಮುಂಚೆ ಬಿಜಲಿ ನಿಂತಿತು. ಕಾಲು ಅಗಲಿಸಿತು. ಮೊದಲು ಎಣ್ಣೆ ಹತ್ತಿದ ಒಂದು ಉಂಡೆ ಬಿತ್ತು, ಆಮೇಲೆ ಧಪಧಪನೆ ಬಿದ್ದವು. ನಾನು ಓಡಿ ಹೋಗಿ ಬಗ್ಗಿದೆ. ಲದ್ದಿಯಲ್ಲಿ ಕೆಂಪು ಬಿಳಿ ದಾರದ ತುಂಡುಗಳಂತೆ ಹುಳಗಳು, ದರ್ಜಿ ಅಂಗಡಿ ಗುಡಿಸಿದ ಹಾಗೆ. ಬಿಜಲಿ ಉದ್ದಕ್ಕೆ ಉಸಿರು ಬಿಟ್ಟು, ಅಷ್ಟು ದಿನಗಳಲ್ಲಿ ಮೊದಲ ಸಲ ಮೈ ಒದರಿ, ಮೇವಿನ ಕಡೆ ತಿರುಗಿತು. ಶರಣಮ್ಮ ನನ್ನ ಪಕ್ಕ ಬಂದು ನಿಂತು ಲದ್ದಿಯನ್ನು ಬಹಳ ಹೊತ್ತು ನೋಡಿದಳು.

"ಹಡದಾಳ ನೋಡ್ರಿ ನಿಮ್ಮ ಬಿಜಲಿ," ಎಂದಳು. "ಇವೆಲ್ಲಾ ನನ್ನವೇ ಅಲ್ಲೇನ್ರಿ?"

ಕಟ್ಟೆಯ ಮೇಲಿನವರು ನಕ್ಕ ನಗು ಶಹಾಬಾದ ಸ್ಟೇಷನ್ನಿಗೆ ಕೇಳಿಸಿರಬೇಕು. ಅವಳೂ ನಕ್ಕಳು, ಕಣ್ಣು ಒರೆಸಿಕೊಂಡು ನಕ್ಕಳು. ಹೆಣೆದಿಟ್ಟ ಕೆಂಪು ಹಗ್ಗವನ್ನು ಅವತ್ತೇ ಒಯ್ದು ಟ್ರಂಕಿನಲ್ಲಿ ಇಟ್ಟದ್ದನ್ನೂ ನಾನು ನೋಡಿದೆ.

ನರ್ಸಪ್ಪನವರಿಗೆ ಫೋನ್ ಮಾಡಿ ತಕರಾರು ತೆಗೆದೆ. ಅವರು ಎಲೆ ಅಡಿಕೆ ಒಂದು ಕಡೆ ಸರಿಸಿಕೊಂಡು, ಹೊಟ್ಟೆ ಸರಿ ಇಲ್ಲ, ದವಾಖಾನೆಗೆ ತೋರಿಸಿ ಎಂದು ಹೇಳಲು ಎರಡು ಸಲ ಬಾಯಿ ತೆರೆದಿದ್ದೆ, ನೀವೇ ಮುಚ್ಚಿಸಿದಿರಿ ಎಂದರು. ಕುದುರೆ ಹೇಗಿದೆ ಎಂದು ಕೇಳಿ, ಚೆನ್ನಾಗಿದೆ ಎಂದದ್ದಕ್ಕೆ ನನಗಿಂತ ಹೆಚ್ಚು ಸಂತೋಷಪಟ್ಟರು. ಹೀಗೆ ಮಾತಾಡುವವರ ಜೊತೆ ಜಗಳ ಮಾಡುವುದು ಹೇಗೆ?

ಆಮೇಲಿಂದ ನಮ್ಮ ಲಾಯದ ರೀತಿಯೇ ಬದಲಾಯಿತು. ಬೆಳಿಗ್ಗೆ ಸಂಜೆ ಲದ್ದಿ ಎತ್ತಿ ಹಿತ್ತಲಿನಿಂದ ದೂರ ತಿಪ್ಪೆಗೆ. ಮೂಲೆಯ ಹುಲ್ಲು ಕಿತ್ತು ತೆಗೆದೆ. ಮೇವು ನೆಲಕ್ಕೆ ಹಾಕುವುದಿಲ್ಲ, ಪರಸಿ ಕಲ್ಲು ನಿಲ್ಲಿಸಿ ಎತ್ತರದ ಗ್ವಾದಲಿ ಕಟ್ಟಿಸಿದ್ದೇನೆ, ತಿನ್ನುವುದೆಲ್ಲ ಅದರಲ್ಲಿಯೇ. ಕಾಲಿನ ಕೂದಲಿಗೆ ನೊಣ ಇಟ್ಟ ಹಳದಿ ತತ್ತಿ ಅಂಟಿದ್ದರೆ ಕೆರೆದು ತೆಗೆಯುತ್ತೇನೆ. ಇನ್ನೊಂದು ಮಾತು, ಇದರಲ್ಲಿ ಬಹಳ ಮಂದಿ ತಪ್ಪು ಮಾಡುತ್ತಾರೆ. ಔಷಧಿ ಒಳ್ಳೆಯದೆಂದು ತಿಂಗಳು ತಿಂಗಳು ಸುರಿಯಬೇಡಿ. ಅರ್ಧಮರ್ಧ ಕೊಟ್ಟು ಉಳಿಸಲೂ ಬೇಡಿ. ಹುಳಗಳೂ ಚೌಕಾಸಿ ಕಲಿಯುತ್ತವೆ, ಆಮೇಲೆ ಯಾವ ಔಷಧಿಗೂ ಬಗ್ಗುವುದಿಲ್ಲ. ಮೊದಲು ಲದ್ದಿ ತೋರಿಸಿ, ಬೇಕಾದರೆ ಮಾತ್ರ ಕೊಡಿಸಿ, ಕೊಡಿಸಿದರೆ ತೂಕಕ್ಕೆ ತಕ್ಕಷ್ಟು ಕೊಡಿಸಿ. ಎಮ್ಮೆಗೆ ತಂದ ಔಷಧಿ ಉಳಿದಿದೆಯೆಂದು ಕುದುರೆಗೆ ಹಾಕಬೇಡಿ. ಹೊಸ ಕುದುರೆ ತಂದರೆ, ಲದ್ದಿ ತೋರಿಸುವವರೆಗೆ ಹಳೆಯದರ ಜೊತೆ ಕಟ್ಟಬೇಡಿ. ಇದನ್ನೆಲ್ಲ ನಾನು ವಾಡಿ, ಚಿತ್ತಾಪುರದ ಮದುವೆ ಕುದುರೆಯವರಿಗೆ ಕೇಳದಿದ್ದರೂ ಹೇಳುತ್ತೇನೆ. ದೂರದಿಂದ ನನ್ನನ್ನು ಕಂಡು ಕೆಲವರು ಕುದುರೆಯನ್ನು ಬೇರೆ ಓಣಿಗೆ ತಿರುಗಿಸುತ್ತಾರೆ. ಆದರೂ ಅವರ ಕುದುರೆಗಳ ಕೂದಲು ಈಗ ಮಿಂಚುತ್ತಿದೆ, ನಾನು ನೋಡಿದ್ದೇನೆ.

ಬಿಜಲಿಯ ಹೊಟ್ಟೆ ಇಳಿಯಿತು, ಬೆನ್ನು ತುಂಬಿತು. ಬ್ಯಾಂಡು ಬಾರಿಸಿದರೆ ಈಗ ಕಾಲು ಕುಣಿಸುತ್ತದೆ. ಹೋದ ವರ್ಷ ಸೇಡಂನ ಒಬ್ಬರ ಗಂಡು ಕುದುರೆಯ ಹತ್ತಿರ ಒಯ್ದಿದ್ದೆ. ಈಗ ಹೊಟ್ಟೆ ಮತ್ತೆ ಇಳಿಬಿದ್ದಿದೆ. ಈ ಸಲ ನಾನಾಗಿ ಏನೂ ಕಂಡುಹಿಡಿಯಲಿಲ್ಲ. ಡಾಕ್ಟರರನ್ನು ಕರೆಸಿದೆ, ಲದ್ದಿಯನ್ನೂ ತೋರಿಸಿದೆ. ಅವರು ಕೈ ತೊಳೆದುಕೊಂಡು, ಮರಿಯೇ, ಸಂಶಯ ಬೇಡ ಎಂದು ಹೇಳಿದರು. ನಾನು ಅಡುಗೆಮನೆಗೆ ಓಡಿದೆ. ಮರಿ ನಿನ್ನದೇ, ಹಸಿರು ಖಣ ತೆಗಿ, ಓಣಿಯವರನ್ನು ಕರಿ, ಕುಬಸ ಮಾಡೋಣ ಎಂದು ಶರಣಮ್ಮನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕುಬಸ ಚೊಚ್ಚಲಕ್ಕ ಅಷ್ಟೇ ಮಾಡ್ತಾರ. ಬಿಜಲೀದು ಚೊಚ್ಚಲ ಆಗಿ ಹೋಗ್ಯಾದ. ಹಿತ್ತಲದಾಗ ನೀವೇ ಬಗ್ಗಿ ನೋಡೀರಲ್ಲ?"

ಎಷ್ಟು ಚೌಕಾಸಿ ಮಾಡಿದರೂ ಜಗ್ಗಲಿಲ್ಲ. ನಾನೂ ಬಿಟ್ಟೆ.

ಇವತ್ತು ಬೆಳಿಗ್ಗೆ ಎಂದಿನಂತೆ ಲದ್ದಿ ನೋಡಲು ಲಾಯಕ್ಕೆ ಹೋದೆ. ಉಂಡೆಗಳು ಚೊಕ್ಕ ಇದ್ದವು. ಬಿಜಲಿ ಕಿವಿ ನಿಮಿರಿಸಿ ನನ್ನನ್ನು ನೋಡಿತು. ಗ್ವಾದಲಿಯ ಕಲ್ಲಿಗೆ ಆ ಕೆಂಪು ಹಗ್ಗ ಕಟ್ಟಿತ್ತು. ಒಳಗೆ, ಹೊಸ ಮೇವಿನ ಮೇಲೆ, ಒಂದು ಹೋಳಿಗೆ ಇತ್ತು, ಇನ್ನೂ ಬಿಸಿ. ನೆಲದ ಮೇಲಲ್ಲ, ಗ್ವಾದಲಿಯಲ್ಲೇ ಇಟ್ಟಿದ್ದಳು. ಆದರೆ ಗಬ್ಬದ ಕುದುರೆಗೆ ಸಿಹಿ, ಬೇಳೆ ಬೇಡವೆಂದು ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಏನು ಮಾಡುವುದು? ನಾನು ಯಾವುದನ್ನೂ ಹಾಳು ಮಾಡುವವನಲ್ಲ.

ಮನೆಯೊಳಗೆ ಬಂದಾಗ ಶರಣಮ್ಮ ಚಹಾ ಸೋಸುತ್ತಿದ್ದಳು. ಬಿಜಲಿ ತಿಂದಳೇ ಎಂದು ನನ್ನ ಕಡೆ ನೋಡದೆ ಕೇಳಿದಳು. ತಿಂದಳು, ಭಾಳ ಆಸೆಯಿಂದ ತಿಂದಳು ಎಂದೆ. ಚಹಾದ ಕಪ್ಪನ್ನು ಕೈಗೆ ಕೊಡುವಾಗ ಮುಖ ನೋಡಿದಳು.

"ಮೀಸಿಗೆ ಹೂರಣ ಹತ್ತ್ಯಾದ," ಎಂದಳು. "ಒರೆಸ್ಕೊಳ್ರಿ."